ಬಾವಲಿಗಳ ಬೈಗುಳ: ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಕಾದಂಬರಿಯ ರಕ್ತ ಹೀರುವ ಬಾವಲಿಗಳು ಮನುಷ್ಯರ ಹಾಗೇ 'ಕತ್ತೆ', 'ನಾಯಿ' ಎಂದು ಬೈದಾಡುತ್ತಿವೆ, ಹೇಗೆ ಸರಿಪಡಿಸಲಿ ಎಂದು ಕೇಳಿದ್ದೀರಿ. ಪ್ರಾಣಿಯ ಹೆಸರು ಬದಲಿಸಿದರೆ ಸಾಲದು. ಅವು ಯಾವುದಕ್ಕೆ ಹೆದರುತ್ತವೆ ಎಂದು ಮೊದಲು ನೋಡಿ.

ಈ ಬಾವಲಿ ಸುಮಾರು 3 ದಿನ ರಕ್ತ ಸಿಗದಿದ್ದರೆ ಸಾಯುತ್ತದೆ. ಹೊಟ್ಟೆ ತುಂಬಿದ್ದು ಹಸಿದ ಜೊತೆಗಾತಿಗೆ ಕಕ್ಕಿ ಉಣಿಸುತ್ತದೆ. ಹಾಗಾಗಿ ಉಂಡು ಬಂದೂ ಕಕ್ಕದವಳನ್ನು 'ಒಣಬಾಯಿ' ಎನ್ನಲಿ. ಅವರ ಲೋಕದಲ್ಲಿ ಇದಕ್ಕಿಂತ ಕೀಳು ಬೈಗುಳ ಇರಬಾರದು. ಗಾದೆಯೂ ಇಲ್ಲೇ ಹುಟ್ಟುತ್ತದೆ: 'ನಿನ್ನೆ ಕಕ್ಕಿದ್ದು ನಾಳೆಯ ಊಟ.' ಹಿರಿಯರು ಪೂರ್ತಿ ಹೇಳಲಿ, ಮರಿಗಳು 'ನಿನ್ನೆ ಕಕ್ಕಿದ್ದು...' ಎಂದು ಅರ್ಧಕ್ಕೇ ಬಿಡಲಿ; ಬಳಸಿ ಸವೆದ ಮಾತು ಅನ್ನಿಸುತ್ತದೆ. ಬೆಳದಿಂಗಳಲ್ಲಿ ಇವು ಬೇಟೆಗೆ ಹಿಂಜರಿಯುತ್ತವೆ, ಆದ್ದರಿಂದ ಪೆದ್ದನಿಗೆ 'ಹುಣ್ಣಿಮೆಬೇಟೆ'. 'ತಲೆಕೆಳಗು' ಮಾತ್ರ ಬೈಗುಳವಾಗದು, ಅವರಿಗೆ ಅದೇ ಸರಿಯಾದ ಭಂಗಿ!

ಪುಸ್ತಕಕ್ಕೆ ಇಂಥ ಐದಾರು ಮಾತು ಸಾಕು, ಹೆಚ್ಚಾದರೆ ಓದುಗ ಪದಕೋಶ ಹುಡುಕುತ್ತಾನೆ. ಮೊದಲ ಸಲ ಬಳಸುವಾಗ ಅರ್ಥ ವಿವರಿಸಬೇಡಿ. ಬೈಸಿಕೊಂಡವಳು ರೆಕ್ಕೆ ಮುದುಡಿ ಪಕ್ಕಕ್ಕೆ ಸರಿದರೆ ತೂಕ ತಿಳಿಯುತ್ತದೆ. ಎರಡನೇ ಸಲ ಅದನ್ನೇ ಗೆಳತಿಯರ ತಮಾಷೆಯಲ್ಲಿ ತನ್ನಿ.