ಅಪ್ಪ ಅವ್ವ ಪರದೇಶಕ್ಕ ಹೊಂಟಾರ, ಇನ್ಶೂರೆನ್ಸ್ ಯಾವ್ದು ಮಾಡ್ಸೋದು?

ಪ್ರಶ್ನೆ: ಸರ್ ನಮಸ್ಕಾರ. ನಮ್ಮಪ್ಪಗ 74, ಅವ್ವಗ 68. ಅಮೆರಿಕದ ಡಲ್ಲಾಸ್‌ನಾಗ ನಮ್ಮ ತಂಗಿ ಅದಾಳ, ಆಕಿ ಬಾಣಂತನಕ್ಕಂತ ಇಬ್ರೂ ಐದು ತಿಂಗಳು ಹೊಂಟಾರ. ಅಪ್ಪಗ ಬಿಪಿ, ಶುಗರ್ ಎರಡೂ ಅದ, ಆರು ವರ್ಷದ ಹಿಂದ ಹಾರ್ಟಿಗೆ ಸ್ಟೆಂಟ್ ಹಾಕ್ಸೀವಿ. ಅವ್ವಗ ಏನೂ ಇಲ್ಲ. ಇಲ್ಲಿ ಏಜೆಂಟ್ ಒಬ್ರು 1 ಲಕ್ಷ ಡಾಲರ್ ಪಾಲಿಸಿ ಕಡಿಮಿ ರೇಟಿನಾಗ ಕೊಡಸ್ತೀನಿ, ಸ್ಟೆಂಟ್ ವಿಷಯ ಫಾರ್ಮ್‌ನಾಗ ಬರಿಯೋದು ಬ್ಯಾಡ ಅಂತಾರ. ತಂಗಿ ಗಂಡ ಅಲ್ಲಿ ಕಂಪನಿದೇ ತಗೊಳ್ರಿ ಅಂತಾನ. ಅಪ್ಪ ನೋಡಿದ್ರ ನನಗೇನಾಗ್ತದ, ರೊಕ್ಕ ಯಾಕ ದಂಡ ಅಂತ ಕುಂತಾನ. ಏನ್ ಮಾಡ್ಬೇಕ್ರಿ?
- ಓದುಗರು, ಸಿಂಧನೂರು ತಾಲೂಕು

ಉತ್ತರ: ಮೊದಲ್ನೇದು, ಸ್ಟೆಂಟ್ ಬರೀಬ್ಯಾಡ್ರಿ ಅಂದ ಆ ಏಜೆಂಟ್ ಹತ್ರ ಪಾಲಿಸಿ ತಗೋಬ್ಯಾಡ್ರಿ. ಯಾಕಂದ್ರ ನಮ್ಮ ಮನಿಯಾಗ ಆಗಿದ್ದು ಹೇಳ್ತೀನಿ ಕೇಳ್ರಿ. ನಮ್ಮ ದೊಡ್ಡಪ್ಪಾರು ಬಳ್ಳಾರಿಯಿಂದ ಮಗನ ಮನಿಗೆ ಅಂತ ಅಮೆರಿಕಕ್ಕ ಹೋಗುವಾಗ, ಪ್ರೀಮಿಯಂ ಜಾಸ್ತಿ ಆಗ್ತೈತಿ ಅಂತ ಫಾರ್ಮ್‌ನಾಗ ಶುಗರ್ ಮುಚ್ಚಿಟ್ಟಿದ್ರು, ಅಲ್ಲಿ ಕಾಲಿನ ಗಾಯ ಕೀವಾಗಿ ಅಡ್ಮಿಟ್ ಆದ್ರು, ಶುಗರ್ ಎಷ್ಟು ವರ್ಷದಿಂದ ಐತಿ ಅಂತ ಡಾಕ್ಟರ್ ಕೇಳಿದ್ದಕ್ಕ ಹನ್ನೆರಡು ವರ್ಷ ಅಂತ ತಾವ ಹೇಳ್ಯಾರ, ಅದು ಕೇಸ್ ಪೇಪರ್‌ನಾಗ ಬಂತು, ಆ ಪೇಪರ್ ಕಂಪನಿಗೆ ಹೋತು, ಕ್ಲೇಮ್ ರಿಜೆಕ್ಟ್. ಬಿಲ್ಲೆಲ್ಲಾ ಮಗನ ಮ್ಯಾಲೆ ಬಿತ್ತು, ಎರಡು ವರ್ಷ ಕಂತು ಕಟ್ಟಿದ. ದೊಡ್ಡಪ್ಪಾರು ಆಮ್ಯಾಲೆ ಇರೋತನಕ ಅದನ್ನ ನೆನಸಿ ಕಣ್ಣೀರು ಹಾಕ್ತಿದ್ರು.

ಇನ್ನ 1 ಲಕ್ಷ ಡಾಲರ್ ಮಾತು. ಆ ನಂಬರ್ ನೋಡಿ ಖುಷಿ ಆಗ್ಬ್ಯಾಡ್ರಿ. ನಮ್ಮ ದೇಶದ ಕಂಪನಿಗಳ ಎಷ್ಟೋ ಟ್ರಾವೆಲ್ ಪಾಲಿಸಿಯಾಗ 60 ದಾಟಿದವ್ರಿಗೆ ಒಳಗ ಸಬ್ ಲಿಮಿಟ್ ಇರ್ತಾವು, ರೂಮಿಗೆ ದಿನಕ್ಕ ಇಷ್ಟು, ಐಸಿಯುಗೆ ಇಷ್ಟು, ಆಪರೇಷನ್‌ಗೆ ಇಷ್ಟು ಅಂತ. ಅಲ್ಲಿ ಆಸ್ಪತ್ರಿಯಾಗ ಒಂದು ದಿನಕ್ಕ ಸಾವಿರಾರು ಡಾಲರ್ ಬಿಲ್ಲು ಆಗ್ತೈತಿ, ಇವ್ರು ಕೊಡೋದು ಅದ್ರಾಗ ಒಂದು ಪಾಲು, ಉಳಿದಿದ್ದು ನಿಮ್ಮ ಕೈಯಿಂದ. ಹಂಗಾಗಿ ಬ್ರೋಷರ್ ಬ್ಯಾಡ, ಪಾಲಿಸಿ ಷರತ್ತೆಲ್ಲಾ ಬರ್ದಿರೋ ಪೂರ್ತಿ ಪಾಲಿಸಿ ವರ್ಡಿಂಗ್ ಪಿಡಿಎಫ್ ಕೇಳ್ರಿ, ಅದ್ರಾಗ ಸಬ್ ಲಿಮಿಟ್ ಮತ್ತ ಮೊದಲಿಂದ ಇರೋ ಕಾಯಿಲೆ ಬಗ್ಗೆ ಏನೈತಿ ಅನ್ನೋ ಎರಡು ಪುಟ ಓದ್ರಿ. ನಿಮಗ ಇಂಗ್ಲಿಷ್ ತೊಡಕು ಅನಿಸಿದ್ರ ತಂಗಿ ಗಂಡಗ ಕಳಸ್ರಿ, ಅವ್ರು ಓದ್ಲಿ.

ಅಮೆರಿಕದ ಕಂಪನಿ ಪಾಲಿಸಿಯಾಗೂ ಎರಡು ಥರ ಅದಾವು. ಒಂದು ಫಿಕ್ಸೆಡ್, ಡಾಕ್ಟರ್ ಭೇಟಿಗೆ ಇಷ್ಟು, ದಿನಕ್ಕ ಇಷ್ಟು ಅಂತ ಕಟ್ಟಿಟ್ಟ ರೊಕ್ಕ. ಪ್ರೀಮಿಯಂ ಕಡಿಮಿ, ನಾನಂತೂ ಹಿರೇರಿಗೆ ಅದನ್ನ ಹೇಳಂಗಿಲ್ಲ. ಇನ್ನೊಂದು ಕಾಂಪ್ರಹೆನ್ಸಿವ್: ಡಿಡಕ್ಟಿಬಲ್ ಅಂತ ಮೊದಲ ಒಂದಿಷ್ಟು ನೀವು ಕಟ್ಟಬೇಕು, ಆಮ್ಯಾಲೆ ಎಷ್ಟೋ ಪ್ಲಾನ್‌ನಾಗ ಮೊದಲ 5,000 ಡಾಲರ್‌ನಾಗ 80 ಪರ್ಸೆಂಟ್ ಅವ್ರು ಕೊಡ್ತಾರ, ಅದು ದಾಟಿದ್ರ ಲಿಮಿಟ್ ತನಕ ಪೂರ್ತಿ. ಆದ್ರ ವಯಸ್ಸು 70 ಆದ್ಮ್ಯಾಲೆ ಆ ಲಿಮಿಟ್ ಇಳೀತೈತಿ, 80 ಆದ್ರ ಇನ್ನೂ ಇಳೀತೈತಿ, ಭಾಳ ಪ್ಲಾನ್‌ನಾಗ 10-20 ಸಾವಿರ ಡಾಲರ್‌ಗೆ ಬಂದು ನಿಲ್ತೈತಿ.

ನಿಮ್ಮ ತಂದಿಯವ್ರಿಗೆ ಎಲ್ಲಕ್ಕಿಂತ ಮುಖ್ಯ ಆಗೋದು ಅಕ್ಯೂಟ್ ಆನ್‌ಸೆಟ್ ಅನ್ನೋ ಕಲಂ. ಮೊದಲ ಇದ್ದ ಕಾಯಿಲೆ ಯಾವ ಸೂಚನೆನೂ ಇಲ್ದ ಒಮ್ಮಿಗೇ ಎದ್ರ, 24 ತಾಸಿನೊಳಗ ಆಸ್ಪತ್ರಿಗೆ ಹೋದ್ರ ಅಷ್ಟಕ್ಕ ಕೊಡ್ತಾರ. ಮೂರು ದಿನದಿಂದ ಎದಿ ಉರಿ ಇತ್ತು, ಗ್ಯಾಸ್ ಅನ್ಕೊಂಡು ಸುಮ್ನಿದ್ವಿ ಅಂದ್ರ ಹೋತು. ಮತ್ತ ಕೆಲವು ಪ್ಲಾನ್‌ನಾಗ 70 ಆದವ್ರಿಗೆ ಈ ಕಲಂ ಇರಂಗೇ ಇಲ್ಲ. ಅದಕ್ಕ "74 ವರ್ಷದವ್ರಿಗೆ, ಸ್ಟೆಂಟ್ ಐತಿ, ಹಾರ್ಟ್ ತೊಂದ್ರಿ ಆದ್ರ ಎಷ್ಟು ಕೊಡ್ತೀರಿ" ಅಂತ ಇಮೇಲ್‌ನಾಗ ಕೇಳಿ, ಉತ್ತರ ಇಟ್ಕೋರಿ.

ನನ್ನ ಮಾತು ಕೇಳೋದಾದ್ರ ತಂದಿಯವ್ರಿಗೆ ಈ ಕಲಂ ಇರೋ ಕಾಂಪ್ರಹೆನ್ಸಿವ್ ಮಾಡಸ್ರಿ, ಅವ್ವಾರಿಗೆ ಬ್ಯಾರೆ ಪಾಲಿಸಿ ಮಾಡಸ್ರಿ, ಸಬ್ ಲಿಮಿಟ್ ಇಲ್ಲದ್ದು ಸಿಕ್ರ ಇಲ್ಲಿದೇ ಆದ್ರೂ ನಡೀತೈತಿ. ಇಬ್ರನ್ನೂ ಒಂದರಾಗ ಸೇರಸ್ಬೇಕು ಅಂತೇನಿಲ್ಲ. ಅಮೆರಿಕ ವಿಸಿಟರ್ ವೀಸಾಕ್ಕ ಇನ್ಶೂರೆನ್ಸ್ ಕಡ್ಡಾಯ ಇಲ್ಲ, ಅದಕ್ಕ ಯಾರೂ ಕೇಳಂಗಿಲ್ಲ, ಭಾಳ ಮಂದಿ ಹಂಗ ಹೋಗಿಬಿಡ್ತಾರ. ನನಗೇನಾಗ್ತದ ಅನ್ನೋ ತಂದಿಯವ್ರಿಗೆ ಇಷ್ಟು ಹೇಳ್ರಿ, ಏನರ ಆದ್ರ ಬಿಲ್ಲು ಬರೋದು ಹಸುಗೂಸು ಇಟ್ಕೊಂಡಿರೋ ಮಗಳ ಮನಿಗೆ.

ಬಿಪಿ ಗುಳಿಗಿ, ಮಾಮೂಲಿ ಚೆಕಪ್, ಚಾಳೀಸು ಇವ್ಕ ಭಾಳ ಪಾಲಿಸಿ ಕೊಡಂಗಿಲ್ಲ ಅಂತ ತಿಳ್ಕೋರಿ. ಗುಳಿಗಿ ಸ್ಟ್ರಿಪ್ ಸಮೇತ ಹ್ಯಾಂಡ್ ಬ್ಯಾಗಿನಾಗ ಇರ್ಲಿ, ಜೊತಿಗೆ ಡಾಕ್ಟರ್ ಚೀಟಿ. ಜ್ವರ ಕೆಮ್ಮಿಗೆ ಅರ್ಜೆಂಟ್ ಕೇರ್ ಕ್ಲಿನಿಕ್ ಸಾಕು, ಎಮರ್ಜೆನ್ಸಿಗಿಂತ ಭಾಳ ಕಡಿಮಿ ಆಗ್ತೈತಿ. ಎದಿ ನೋವು ಬಂದ್ರ ಮಾತ್ರ ಪಾಲಿಸಿ ಕಾಗದ ಹುಡುಕ್ಕೋತ ಕುಂದರ್ದ ಸೀದಾ 911 ಅನ್ನೋ ಅಲ್ಲಿನ ತುರ್ತು ನಂಬರಿಗೆ ಫೋನ್ ಮಾಡ್ರಿ, ಅಲ್ಲಿನ 1986ರ ಕಾಯ್ದಿ ಪ್ರಕಾರ ಎಮರ್ಜೆನ್ಸಿಗೆ ಬಂದವ್ರನ್ನ ರೊಕ್ಕ ಐತೋ ಇಲ್ಲೋ ಅಂತ ನೋಡ್ದ ಪರೀಕ್ಷೆ ಮಾಡಿ ಸ್ಥಿಮಿತಕ್ಕ ತರಲೇಬೇಕು. ಬಿಲ್ಲು ಮಾತ್ರ ಆಮ್ಯಾಲೆ ಬಂದೇ ಬರ್ತೈತಿ.

ಪ್ರಶ್ನೆ: ಕೆನಡಾಕ್ಕ ಮಗನ ಹತ್ರ ಸೂಪರ್ ವೀಸಾದಾಗ ಹೊಂಟೀನ್ರಿ, ವಯಸ್ಸು 66, ಬಿಪಿ ಐತಿ. ಹೋಗೂಕಿಂತ ಮೊದಲ ಡಾಕ್ಟರ್‌ಗೆ ತೋರಿಸಿ ಗುಳಿಗಿ ಬದಲಿ ಮಾಡಿಸ್ಕೊಂಡು ಹೋಗ್ಲೇನು?
- ನಿವೃತ್ತ ಶಿಕ್ಷಕಿ, ಕೊಪ್ಪಳ

ಉತ್ತರ: ಟೀಚರ್, ಸೂಪರ್ ವೀಸಾಕ್ಕ (ಅಲ್ಲಿರೋ ಮಕ್ಕಳ ಹತ್ರ ಭಾಳ ದಿನ ಇರಾಕ ಅಪ್ಪ ಅವ್ವಗ ಕೊಡೋ ವೀಸಾ) ಇನ್ಶೂರೆನ್ಸ್ ಕಡ್ಡಾಯ, ಕಡಿಮಿ ಅಂದ್ರೂ 1 ಲಕ್ಷ ಕೆನಡಾ ಡಾಲರ್, 1 ವರ್ಷದ್ದು. ಅಲ್ಲಿ ಪಾಲಿಸಿಯಾಗ ಸ್ಟೇಬಲ್ ಅನ್ನೋ ಮಾತು ಬರ್ತೈತಿ, 90 ಅಥವಾ 180 ದಿನ ಕಾಯಿಲೆ ಒಂದೇ ಹದದಾಗ ಇರಬೇಕು ಅಂತ, ಆ ದಿನದೊಳಗ ಗುಳಿಗಿ ಬದಲಾದ್ರೂ, ಡೋಸ್ ಏರಿದ್ರೂ ಇಳಿದ್ರೂ ಸ್ಟೇಬಲ್ ಅಲ್ಲ ಅಂತ ಭಾಳ ಕಂಪನಿ ಲೆಕ್ಕ ಹಿಡೀತಾವು. ಹಂಗಂತ ಬೇಕಾದ ಔಷಧ ಬಿಡಬ್ಯಾಡ್ರಿ ಮತ್ತ. ಡಾಕ್ಟರ್‌ಗೆ ಈಗ್ಲೇ ತೋರಸ್ರಿ, ಬದಲಿ ಮಾಡೋದಿದ್ರ ಮಾಡ್ಲಿ, ಆ ತಾರೀಖು ಬರ್ದಿಟ್ಕೊಂಡು ಅಲ್ಲಿಂದ ದಿನ ಎಣಿಸಿ ಟಿಕೆಟ್ ಮಾಡಸ್ರಿ.