ಕಡಲಾಚೆ ಹೋದ ಹಿರಿಯರ ಜಾಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಊರು ಬಿಟ್ಟು ಕಡಲು ದಾಟಿದ ಹಿರಿಯರನ್ನು ಹಳೆಯ ದಾಖಲೆಗಳಲ್ಲಿ ಹುಡುಕುವ ಬಗೆಯನ್ನು ಕೇಳಿ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ತಂದೆಯ ಅಜ್ಜ ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ ಕೆಲಸ ಹುಡುಕಿಕೊಂಡು ಊರು ಬಿಟ್ಟವರು. ಅವರು ರಂಗೂನಿಗೆ ಹೋದರೆಂದು ಕುಟುಂಬದ ಒಂದು ಶಾಖೆಯವರೂ ಮೊಂಬಾಸಕ್ಕೆ ಹೋದರೆಂದು ಇನ್ನೊಂದು ಶಾಖೆಯವರೂ ಹೇಳುತ್ತಾರೆ. ನಮ್ಮ ಮೂಲ ಗೋವೆಯ ಬಾರ್ದೇಶವೆಂಬುದು ಮನೆಯ ನಂಬಿಕೆ. ಲಂಡನ್ನಿನ ದಾಖಲೆಗಳನ್ನು ತೋರಿಸುವ ಜಾಲತಾಣವೊಂದಕ್ಕೆ ಹಣ ಕಟ್ಟಿ ಹುಡುಕಿದರೂ ಏನೂ ಸಿಗಲಿಲ್ಲ. ಎಲ್ಲಿಂದ ಆರಂಭಿಸಬೇಕು?
— ಓದುಗರೊಬ್ಬರು, ಕುಲಶೇಖರ, ಮಂಗಳೂರು

ಉತ್ತರ: ಲಂಡನ್ನಿನಲ್ಲಿ ಸಿಗದಿರುವುದಕ್ಕೆ ಕಾರಣವಿದೆ. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್, ಬಂಗಾಳ, ಬೊಂಬಾಯಿ ಪ್ರಾಂತಗಳ ಜ್ಞಾನಸ್ನಾನ, ಮದುವೆ, ಮರಣಗಳ ಪಟ್ಟಿಗಳು ಸಾಲುಸಾಲಾಗಿ ಇವೆಯಾದರೂ ಅವು ಮುಖ್ಯವಾಗಿ ಯುರೋಪಿಯನ್ನರಿಗೂ ಆಂಗ್ಲೋ-ಇಂಡಿಯನ್ನರಿಗೂ ಸೇರಿದವು. ಕೆನರಾದ ಕೊಂಕಣಿ ಕ್ರೈಸ್ತರು ಅವುಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಇಂಗ್ಲೆಂಡಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಹಡಗು ಪ್ರಯಾಣಿಕರ ಪಟ್ಟಿಗಳು ಬ್ರಿಟನ್ನಿನ ಬಂದರುಗಳಿಗೆ ಬಂದುಹೋದ ಹಡಗುಗಳಿಗೆ ಮಾತ್ರ ಸಂಬಂಧಿಸಿದವು. ಬೊಂಬಾಯಿಯಿಂದ ಮೊಂಬಾಸಕ್ಕೋ ಮದ್ರಾಸಿನಿಂದ ರಂಗೂನಿಗೋ ಹೋದವರ ಹೆಸರು ಅವುಗಳಲ್ಲಿ ಸೇರಲು ದಾರಿಯೇ ಇರಲಿಲ್ಲ. ಹಿರಿಯರು ಯಾವ ದೇಶದಲ್ಲಿ ಬದುಕಿದರು ಎಂದು ಕೇಳುವುದಕ್ಕೆ ಮೊದಲು ಅವರನ್ನು ಬರೆದಿಟ್ಟುಕೊಳ್ಳುವ ಅಗತ್ಯ ಯಾವ ಕಚೇರಿಗೆ, ಯಾವ ಇಗರ್ಜಿಗೆ ಇತ್ತು ಎಂದು ಕೇಳಿಕೊಳ್ಳಬೇಕು.

ನಿಮ್ಮ ಮುತ್ತಜ್ಜನನ್ನು ಬರೆದುಕೊಳ್ಳಲೇಬೇಕಾಗಿದ್ದುದು ಅವರಿಗೆ ಜ್ಞಾನಸ್ನಾನವಾದ ಇಗರ್ಜಿ. ಪೋಪ್ ಹತ್ತನೆಯ ಪಿಯೂಸರ ಕಾಲದಲ್ಲಿ, 1907ರಲ್ಲಿ ಹೊರಟು 1908ರ ಈಸ್ಟರಿನಿಂದ ಜಾರಿಗೆ ಬಂದ ‘ನೆ ತೆಮೆರೆ’ ಎಂಬ ಆಜ್ಞೆಯ ಪ್ರಕಾರ, ಒಬ್ಬರ ಮದುವೆ ಎಲ್ಲಿಯೇ ನಡೆದರೂ ಅದನ್ನು ಅವರ ಜ್ಞಾನಸ್ನಾನದ ಪುಸ್ತಕದಲ್ಲಿ ನಮೂದಿಸಬೇಕಾಗಿತ್ತು. ಬೇರೆ ಊರಿನಲ್ಲಿ ಮದುವೆ ಮಾಡಿಸಿದ ಧರ್ಮಗುರುಗಳು ಮೂಲ ಇಗರ್ಜಿಗೆ ಅದರ ಸುದ್ದಿ ಕಳುಹಿಸಬೇಕಾಗಿತ್ತು. ಆದುದರಿಂದ ನಿಮ್ಮ ಮುತ್ತಜ್ಜ 1908ರ ಬಳಿಕ ರಂಗೂನಿನಲ್ಲೋ ಮೊಂಬಾಸದಲ್ಲೋ ಮದುವೆಯಾಗಿದ್ದರೆ, ಆ ಊರಿನ ಹೆಸರು ಇಲ್ಲಿಯ ಪುಸ್ತಕದಲ್ಲಿ, ಅವರ ಹೆಸರಿನ ಪಕ್ಕದ ಅಂಚಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುವ ಸಂಭವ ಬಹಳವಿದೆ. ಕಡಲಾಚೆಯ ಹುಡುಕಾಟಕ್ಕೆ ಊರಿನಲ್ಲಿಯೇ ಸಿಗುವ ಕೀಲಿಕೈಯೆಂದರೆ ಈ ಅಂಚಿನ ಬರಹ. ಪುಸ್ತಕ ನೋಡಿ ಬಂದ ಹೆಚ್ಚಿನವರು ನಡುವಿನ ಅಂಕಣಗಳನ್ನು ಬರೆದುಕೊಂಡು ಅಂಚನ್ನು ಬಿಟ್ಟುಬಿಡುತ್ತಾರೆ ಎಂಬುದು ನಮಗೆ ನಿಜವಾಗಿಯೂ ಬೇಸರದ ಸಂಗತಿ. ಅಂಚು ಖಾಲಿಯಾಗಿದ್ದರೆ ಮದುವೆಯಾಗಲಿಲ್ಲವೆಂದು ತೀರ್ಮಾನಿಸಬೇಡಿ. ಸುದ್ದಿ ಬಂದು ತಲುಪದೆ ಇದ್ದಿರಬಹುದು. ಆಗ ಅವರ ಅಣ್ಣತಮ್ಮಂದಿರ ಮಕ್ಕಳ ಜ್ಞಾನಸ್ನಾನದ ನಮೂದುಗಳನ್ನು ನೋಡಬೇಕು. ಮಗುವಿನ ಜ್ಞಾನಸ್ನಾನಕ್ಕೆ ನಿಲ್ಲಬೇಕಾದವರು ಪರದೇಶದಲ್ಲಿದ್ದು ಅವರ ಪರವಾಗಿ ಇನ್ನೊಬ್ಬರು ನಿಂತಿದ್ದರೆ ಅದನ್ನೂ ಬರೆಯುವ ಪದ್ಧತಿಯಿತ್ತು.

ಯಾವ ಇಗರ್ಜಿ ಎಂಬುದನ್ನೂ ಸರಿಯಾಗಿ ಗೊತ್ತುಮಾಡಿಕೊಳ್ಳಬೇಕು. ಕುಲಶೇಖರದ ಕೊರ್ಡೆಲ್ ಇಗರ್ಜಿ ಆರಂಭವಾದುದು 1873ರಲ್ಲಿ. ಅದಕ್ಕಿಂತ ಹಿಂದಿನ ತಲೆಮಾರಿನವರನ್ನು ಮಿಲಾಗ್ರಿಸ್‌ನಂಥ ಹಳೆಯ ಇಗರ್ಜಿಗಳಲ್ಲಿ ಹುಡುಕಬೇಕಾಗುತ್ತದೆ. ಹಳೆಯ ನಮೂದುಗಳು ಲ್ಯಾಟಿನ್ನಿನಲ್ಲೋ ಪೋರ್ಚುಗೀಸಿನಲ್ಲೋ ಇರುತ್ತವೆ. ಮನೆಯಲ್ಲಿ ಬಸ್ತ್ಯಾಂವ್ ಎಂದು ಕರೆಸಿಕೊಂಡವರು ಅಲ್ಲಿ ಸೆಬಾಸ್ತಿಯಾನುಸ್ ಆಗಿರುತ್ತಾರೆ, ಪೆದ್ರು ಎಂಬವರು ಪೆತ್ರುಸ್ ಆಗಿರುತ್ತಾರೆ. ಒಂದೇ ಹೆಸರಿನವರು ಇಗರ್ಜಿಯ ಒಂದೇ ವಾಡೆಯಲ್ಲಿ, ಅಂದರೆ ಅದರ ವ್ಯಾಪ್ತಿಯ ಒಂದು ಭಾಗದಲ್ಲಿ, ಹಲವರಿರುವುದರಿಂದ ತಂದೆ ತಾಯಿ ಇಬ್ಬರ ಹೆಸರೂ ಹೊಂದಿಕೆಯಾಗದೆ ಯಾರನ್ನೂ ನಿಮ್ಮವರೆಂದು ಒಪ್ಪಬೇಡಿ. ಪುಸ್ತಕಗಳು ಜೀರ್ಣವಾಗಿರುವುದರಿಂದ ಧರ್ಮಗುರುಗಳಿಗೆ ಅಂದಾಜು ಇಸವಿಯನ್ನೂ ಹೆಸರುಗಳನ್ನೂ ಮೊದಲೇ ಬರೆದುಕೊಟ್ಟು, ಅವರ ಅನುಮತಿಯಿಂದಲೇ ನೋಡುವುದು ಸರಿಯಾದ ಕ್ರಮ.

ದೇಶ ಯಾವುದೆಂದು ತಿಳಿದ ಮೇಲೆ ದಾರಿ ಕವಲೊಡೆಯುತ್ತದೆ. ಬರ್ಮಾ 1937ರ ಏಪ್ರಿಲ್ 1ರ ತನಕ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತವಾಗಿತ್ತು. ಆದ್ದರಿಂದ ಅಲ್ಲಿಯ ಸರಕಾರಿ ನೌಕರಿಯ ಸುದ್ದಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನು ಮೊದಲು ನೋಡಬೇಕು. ಅದರ ‘ಅಭಿಲೇಖ ಪಟಲ್’ ಎಂಬ ಜಾಲತಾಣದಲ್ಲಿ ಕಡತಗಳ ವಿಷಯಸೂಚಿಯನ್ನು ಮನೆಯಿಂದಲೇ ಹುಡುಕಬಹುದು. ಮೊಂಬಾಸವಾದರೆ ‘ಕೀನ್ಯಾ ಗೆಜೆಟ್’ ಅಮೂಲ್ಯವಾದುದು. ಅಲ್ಲಿ ಸೊತ್ತು ಬಿಟ್ಟು ತೀರಿಕೊಂಡವರ ಹೆಸರು, ಊರು, ಮರಣದ ದಿನ ಇವುಗಳು ಉತ್ತರಾಧಿಕಾರದ ಪ್ರಕಟಣೆಗಳಲ್ಲಿ ಅಚ್ಚಾಗುತ್ತಿದ್ದವು. ಹಳೆಯ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಸಿಂಗಾಪುರ, ಮಲಯದ ಕಡೆಗೆ ಹೋದವರಿದ್ದರೆ ಸಿಂಗಾಪುರದ ರಾಷ್ಟ್ರೀಯ ಗ್ರಂಥಾಲಯವು ಅಂತರ್ಜಾಲದಲ್ಲಿ ಇರಿಸಿರುವ ಹಳೆಯ ಪತ್ರಿಕೆಗಳನ್ನು ನೋಡಬೇಕು.

ಬಾರ್ದೇಶದ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಲ್ಲಿಯ ಇಗರ್ಜಿಗಳೂ ನೆಲಸಮವಾದವು; ಉಳಿದವರು ಮರಳಿ ಬಂದುದು 1799ರ ಬಳಿಕ. ಆ ಬಿರುಕನ್ನು ದಾಟಿ ಒಂದು ಮನೆತನವನ್ನು ಗೋವೆಯ ನಿರ್ದಿಷ್ಟ ಹಳ್ಳಿಗೆ ಕಟ್ಟಿಹಾಕಲು ಹೆಚ್ಚಿನ ಕುಟುಂಬಗಳಲ್ಲಿ ಬಾಯಿಮಾತು ಬಿಟ್ಟರೆ ಬೇರೆ ಆಧಾರವಿರುವುದಿಲ್ಲ. ಮತಾಂತರಕ್ಕೆ ಮುಂಚಿನ ಪ್ರಭು, ಕಾಮತ್, ಶೆಟ್ ಮೊದಲಾದ ಕುಲನಾಮ ನಿಮ್ಮ ಹಿರಿಯರಿಗೆ ನೆನಪಿದ್ದರೆ, ಹಳ್ಳಿಯ ಹೆಸರೂ ಜತೆಗಿದ್ದರೆ, ಆಗ ಪಣಜಿಯ ಪತ್ರಾಗಾರಕ್ಕೆ ಹೋಗುವುದಕ್ಕೆ ಅರ್ಥವಿದೆ. 1595ರಲ್ಲಿ ಸ್ಥಾಪನೆಯಾದ ಆ ಪತ್ರಾಗಾರದಲ್ಲಿ ಹಳ್ಳಿಯ ಹೆಸರಿಲ್ಲದೆ ಬರಿಯ ಪೋರ್ಚುಗೀಸ್ ಅಡ್ಡಹೆಸರನ್ನು ಹಿಡಿದು ಹುಡುಕಿದರೆ ಸಾವಿರಾರು ಮಂದಿ ಸಿಗುತ್ತಾರೆ, ನಿಮ್ಮವರು ಯಾರೆಂದು ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮ ಅಜ್ಜಿಯ ಅಣ್ಣ ರಂಗೂನಿನಲ್ಲಿ ಹೋಟೆಲು ಕೆಲಸದಲ್ಲಿದ್ದರು. 1942ರ ಬಳಿಕ ಅವರಿಂದ ಕಾಗದ ಬರಲಿಲ್ಲ. ನಮ್ಮದು ಅಳಿಯಸಂತಾನದ ಕುಟುಂಬ. ಅವರದೊಂದು ಫೋಟೊ ಇದೆ. ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಪತ್ರಗಳಿವೆ, ಅವುಗಳ ತಾರೀಕು ನಮಗೆ ಅರ್ಥವಾಗುತ್ತಿಲ್ಲ. ಅವರು ಏನಾದರೆಂದು ತಿಳಿಯಲು ಸಾಧ್ಯವೆ?
— ಓದುಗರೊಬ್ಬರು, ಕಾಪು

ಉತ್ತರ: ಏನಾದರೆಂಬುದು ತಿಳಿಯದೆ ಹೋಗಬಹುದು, ಅದನ್ನು ಮೊದಲೇ ಹೇಳುವುದು ನಮ್ಮ ಕರ್ತವ್ಯ. 1941ರ ಡಿಸೆಂಬರ್ 23ರಂದು ರಂಗೂನಿನ ಮೇಲೆ ಬಾಂಬು ಬಿತ್ತು. 1942ರ ಮಾರ್ಚಿಯಲ್ಲಿ ನಗರ ಜಪಾನೀಯರ ವಶವಾಯಿತು. ಲಕ್ಷಗಟ್ಟಲೆ ಭಾರತೀಯರು ಅರಕಾನಿನ ಮತ್ತು ಮಣಿಪುರದ ಕಾಡುದಾರಿಗಳಲ್ಲಿ ನಡೆದು ಬಂದರು. ಕಾಲರಾ, ಮಲೇರಿಯಾ, ಹಸಿವುಗಳಿಂದ ದಾರಿಯಲ್ಲಿ ಸತ್ತವರಲ್ಲಿ ಅಸಂಖ್ಯ ಮಂದಿಯ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಆ ಕಾಲದ ನಿರಾಶ್ರಿತರ ವಿಷಯದ ಸರಕಾರಿ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹುಡುಕುವಾಗ ವ್ಯಕ್ತಿಯ ಹೆಸರಿನಿಂದ ಫಲ ಸಿಗದಿದ್ದರೆ ಬರ್ಮಾ, ನಿರಾಶ್ರಿತರು, ದಕ್ಷಿಣ ಕೆನರಾ ಎಂಬ ವಿಷಯಗಳಿಂದ ಪ್ರಯತ್ನಿಸಿ. ಉಡುಪಿಯನ್ನು ಇಂಗ್ಲಿಷ್ ಕಡತಗಳಲ್ಲಿ ‘ಉಡಿಪಿ’ ಎಂದು ಬರೆಯುತ್ತಿದ್ದರೆಂಬುದನ್ನು ಮರೆಯಬಾರದು.

ಆದರೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಬರುವ ಅಳಿಯಸಂತಾನದ ಕುಟುಂಬಕ್ಕೆ ಬೇರೆ ಕುಟುಂಬಗಳಿಗೆ ಇಲ್ಲದ ಒಂದು ಅನುಕೂಲವಿದೆ. ಕುಟುಂಬದ ಆಸ್ತಿಯಲ್ಲಿ ತಾಯಿಯ ಕಡೆಯ ಪ್ರತಿಯೊಬ್ಬ ಸದಸ್ಯರಿಗೂ ಹಕ್ಕಿದ್ದುದರಿಂದ ಯಾರನ್ನೂ ಕೈಬಿಟ್ಟು ಕಾಗದ ಮಾಡುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ಕವರುಗಳಿಗೆ, ಅಂದರೆ ಕುಟುಂಬದ ತಾಯಿಕಡೆಯ ಕವಲುಗಳಿಗೆ, ಪಾಲು ಕೇಳುವ ಹಕ್ಕನ್ನು ಕೊಟ್ಟ ಬಳಿಕ ನಮ್ಮ ಜಿಲ್ಲೆಯಲ್ಲಿ ಪಾಲುಪಟ್ಟಿಗಳೂ ವಿಭಾಗದ ದಾವೆಗಳೂ ನಡೆದವು. ಆ ಪತ್ರಗಳಲ್ಲಿ ಮೂಲದ ಅಜ್ಜಿಯಿಂದ ಹಿಡಿದು ಕಿರಿಯ ಮಗುವಿನ ತನಕ ಸಂತತಿಯ ಪಟ್ಟಿ ಇರುತ್ತದೆ. ಊರಿನಲ್ಲಿಲ್ಲದ ಸದಸ್ಯನ ಬಗ್ಗೆ ಏನಾದರೊಂದು ಹೇಳಲೇಬೇಕಾಗಿತ್ತು: ಪರದೇಶದಲ್ಲಿದ್ದಾರೆ, ತೀರಿಕೊಂಡಿದ್ದಾರೆ, ಅಥವಾ ಏಳು ವರ್ಷಗಳಿಂದ ಸುದ್ದಿಯಿಲ್ಲ. ಏಳು ವರ್ಷವೆಂಬ ಮಾತು 1872ರ ಸಾಕ್ಷ್ಯ ಕಾಯಿದೆಯಿಂದ ಬಂದುದು. ಅಷ್ಟು ಕಾಲ ಆಪ್ತರಿಗೆ ಸುದ್ದಿಯಿಲ್ಲದವರು ಬದುಕಿದ್ದಾರೆಂದು ವಾದಿಸುವವರೇ ಅದನ್ನು ರುಜುಪಡಿಸಬೇಕಾಗಿತ್ತು. ನಿಮ್ಮ ದೊಡ್ಡಜ್ಜನ ವಿಷಯವಾಗಿ ಮನೆಯವರಿಗೆ ಅಂದು ತಿಳಿದಿದ್ದುದೆಲ್ಲವೂ ಇಂಥ ಒಂದು ಪತ್ರದಲ್ಲಿ ಒಂದು ವಾಕ್ಯವಾಗಿ ಉಳಿದಿರಬಹುದು.

ಅದನ್ನು ಹುಡುಕುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. ಕಾಪು ಆಗ ಉಡುಪಿ ತಾಲೂಕಿಗೆ ಸೇರಿತ್ತು. ಸ್ಥಿರಾಸ್ತಿಯ ಪತ್ರಗಳು ಒಂದನೆಯ ಪುಸ್ತಕದಲ್ಲಿ ದಾಖಲಾಗುತ್ತವೆ. ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರುಗಳಿಗೆ ಒಂದು ಸೂಚಿ, ಜಾಗಕ್ಕೆ ಇನ್ನೊಂದು ಸೂಚಿ ಇರುತ್ತದೆ. ಅಂದಿನ ಯಜಮಾನರ ಹೆಸರು ಮತ್ತು ಹತ್ತು ವರ್ಷಗಳ ಅವಧಿಯನ್ನು ಕೊಟ್ಟು ಶುಲ್ಕ ಕಟ್ಟಿದರೆ ನಕಲು ಪಡೆಯಬಹುದು. ವೀಲುನಾಮೆಗಳಿಗೆ ಮೂರನೆಯ ಪುಸ್ತಕವಿದೆ. ಬರೆದವರು ತೀರಿಕೊಂಡ ಮೇಲೆ ಅದರ ನಕಲನ್ನು ಯಾರೂ ಕೇಳಬಹುದು. ಇಲ್ಲಿ ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಊರಿನ ಕಾಗದಗಳು ತಾಯಿಯ ಹೆಸರಿನಿಂದಲೂ ‘ಬಳಿ’ ಎಂಬ ತಾಯಿಕಡೆಯ ಕುಲದ ಹೆಸರಿನಿಂದಲೂ ಮನೆಯಿಂದಲೂ ವ್ಯಕ್ತಿಯನ್ನು ಗುರುತಿಸುತ್ತಿದ್ದರೆ, ಪರದೇಶದ ಅರ್ಜಿಗಳು ತಂದೆಯ ಹೆಸರನ್ನು ಕೇಳುತ್ತಿದ್ದವು. ತಂದೆ ಬೇರೆ ಕುಟುಂಬದವರು. ಹಾಗಾಗಿ ಒಬ್ಬರೇ ಮನುಷ್ಯರು ಇಲ್ಲಿ ಒಂದು ಮನೆತನದವರಾಗಿಯೂ ಅಲ್ಲಿ ಇನ್ನೊಂದು ಮನೆತನದವರಾಗಿಯೂ ಕಾಣುತ್ತಾರೆ. ಅಜ್ಜಿಯ ತಂದೆಯ ಮೂಲಮನೆ ಯಾವುದೆಂದು ತಿಳಿದುಕೊಳ್ಳದೆ ಹೊರಗಿನ ದಾಖಲೆಗಳಿಗೆ ಕೈಹಾಕಬೇಡಿ.

ಪೆಟ್ಟಿಗೆಯ ಪತ್ರಗಳಲ್ಲಿರುವುದು ಬಹುಶಃ ಸಂವತ್ಸರದ ಲೆಕ್ಕ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ಸಾಧಾರಣ ಸಂವತ್ಸರವೆಂದರೆ 1850-51 ಆಗಬಹುದು, 1910-11 ಆಗಬಹುದು, 1970-71 ಕೂಡ ಆಗಬಹುದು. ಯಾವುದೆಂಬುದನ್ನು ಛಾಪಾ ಕಾಗದದ ಮುದ್ರೆಯೂ ಅದರ ಮೇಲಿನ ರಾಜಚಿಹ್ನೆಯೂ ಹೇಳಿಬಿಡುತ್ತವೆ. ತುಳು ತಿಂಗಳಿದ್ದರೆ ಪಗ್ಗುವಿನಿಂದ ಎಣಿಸಿ: ಬಿಸುವಿನಿಂದ ವರ್ಷ ಆರಂಭವಾಗುವುದರಿಂದ ಪಗ್ಗು ಏಪ್ರಿಲ್ ನಡುವಿನಿಂದ ಮೇ ನಡುವಿನ ತನಕ, ಆಟಿ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಬರುತ್ತದೆ. ಸುಗ್ಗಿ ತಿಂಗಳಿನ ಪತ್ರವನ್ನು ಓದುವಾಗ ಇಂಗ್ಲಿಷ್ ವರ್ಷ ಮುಂದಕ್ಕೆ ಹೋಗಿರುತ್ತದೆ. ಫೋಟೊವನ್ನು ಚೌಕಟ್ಟಿನಿಂದ ಮೆಲ್ಲನೆ ತೆಗೆದು ಹಿಂಬದಿ ನೋಡಿ. ಸ್ಟುಡಿಯೊದ ಹೆಸರೂ ಬೀದಿಯೂ ಇದ್ದರೆ ಅವರು ವಾಸಿಸಿದ್ದ ಪೇಟೆಗೆ ಅದೇ ಮೊದಲನೆಯ ಸುಳಿವು.

ಪ್ರಶ್ನೆ: ನಮ್ಮ ಮುತ್ತಜ್ಜಿಯ ತಂದೆ ಬಾಸೆಲ್ ಮಿಶನ್ನಿನ ಕಾಲದಲ್ಲಿ ಕ್ರೈಸ್ತರಾದವರು. ಅದಕ್ಕೆ ಮೊದಲು ಅವರ ಮನೆ, ಹೆಸರು ಏನಿದ್ದವೆಂದು ತಿಳಿಯದು. ದಾಖಲೆಗಳೆಲ್ಲ ಸ್ವಿಟ್ಜರ್ಲೆಂಡಿನಲ್ಲಿವೆ ಎನ್ನುತ್ತಾರೆ. ಅಲ್ಲಿಗೆ ಹೋಗದೆ ಉಪಾಯವಿಲ್ಲವೆ?
— ಓದುಗರೊಬ್ಬರು, ಉಡುಪಿ

ಉತ್ತರ: ಉಪಾಯವಿದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ವರದಿಗಳನ್ನು ಬಾಸೆಲ್ ನಗರಕ್ಕೆ ಕಳುಹಿಸುತ್ತಿದ್ದರು. ಅವು ಇಂದು ‘ಮಿಶನ್ 21’ ಎಂಬ ಸಂಸ್ಥೆಯ ಪತ್ರಾಗಾರದಲ್ಲಿವೆ. ಅದರ ಸೂಚಿಯನ್ನೂ ಹಳೆಯ ಛಾಯಾಚಿತ್ರಗಳನ್ನೂ ಅಂತರ್ಜಾಲದಲ್ಲಿ ನೋಡಬಹುದು. ಆದರೆ ಸಭೆಯ, ಅಂದರೆ ಮಿಶನ್ನಿನ ಇಗರ್ಜಿಯ, ಸದಸ್ಯರ ದೀಕ್ಷಾಸ್ನಾನದ ನಮೂದಿಗೆ ಮೊದಲ ಸ್ಥಳ ಸ್ಥಳೀಯ ಸಭೆಯೇ; ಹಿಂದಿನ ಹೆಸರು, ತಂದೆಯ ಹೆಸರು, ಊರು ಇವುಗಳನ್ನು ಅಲ್ಲಿ ಹುಡುಕಬೇಕು. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವನ್ನೂ ವಿಚಾರಿಸಿ. ಇಲ್ಲಿ ದಿನಾಂಕವೊಂದು ಸಿಕ್ಕಿದರೆ ಬಾಸೆಲಿಗೆ ಬರೆಯುವುದು ಸುಲಭ. ಆ ವರ್ಷದ, ಮಿಶನ್ನಿನ ಉಡುಪಿ ಕೇಂದ್ರದ ವರದಿಯನ್ನು ಕೇಳಿದರೆ ಸಾಕು. ಮತಾಂತರವಾದವರ ಹಿನ್ನೆಲೆಯನ್ನು ಮಿಶನರಿಗಳು ವರದಿಗಳಲ್ಲಿ ಬರೆಯುತ್ತಿದ್ದುದುಂಟು. ಬರಹ ಜರ್ಮನ್ನಿನ ಹಳೆಯ ಕೈಬರಹದ ಲಿಪಿಯಲ್ಲಿರುತ್ತದೆ. ಇಂದು ಜರ್ಮನ್ ಬಲ್ಲವರಿಗೂ ಅದು ಸಲೀಸಲ್ಲ. ‘ಟ್ರಾನ್ಸ್‌ಕ್ರಿಬಸ್’ ಎಂಬ ತಂತ್ರಾಂಶ ಅದನ್ನು ಒಂದು ಮಟ್ಟಕ್ಕೆ ಓದಿಕೊಡುತ್ತದೆ, ಆದರೆ ತುಳು ಹೆಸರುಗಳಲ್ಲಿ ತಪ್ಪುವುದರಿಂದ ಹೆಸರುಗಳನ್ನು ಮೂಲದ ಚಿತ್ರದೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. 1914ರಲ್ಲಿ ಯುದ್ಧ ಆರಂಭವಾದ ಬಳಿಕ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿ ಇರಿಸಲಾಯಿತು. ಆ ವರ್ಷಗಳ ಸುದ್ದಿಗೆ ಬಾಸೆಲಿಗಿಂತ ಮದ್ರಾಸ್ ಸರಕಾರದ ಕಡತಗಳನ್ನು, ಅಂದರೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ನಂಬಬೇಕಾಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ಅಲೆಯುವ ಬದಲು ಡಿಎನ್ಎ ಪರೀಕ್ಷೆ ಮಾಡಿಸಿದರೆ ಸಾಲದೆ?
— ಓದುಗರೊಬ್ಬರು, ಸುರತ್ಕಲ್

ಉತ್ತರ: ಸಾಲದು. ಆ ಪರೀಕ್ಷೆಯು ಅದನ್ನು ಮಾಡಿಸಿಕೊಂಡ ಇತರರೊಂದಿಗೆ ನಿಮಗಿರುವ ರಕ್ತಸಂಬಂಧವನ್ನು ಅಂದಾಜು ಮಾಡುತ್ತದೆ. ಹಿರಿಯರ ಹೆಸರನ್ನಾಗಲಿ ಊರನ್ನಾಗಲಿ ಹೇಳಲಾರದು. ಕುಟುಂಬದ ಒಂದು ಶಾಖೆ ನೈರೋಬಿಯಲ್ಲೋ ಟೊರಾಂಟೊದಲ್ಲೋ ಇದ್ದು ಅವರೂ ಮಾಡಿಸಿಕೊಂಡಿದ್ದರೆ ಪ್ರಯೋಜನವಾದೀತು. ಅದಕ್ಕೆ ಮೊದಲು, ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಈ ವಾರವೇ ಅವರ ಬಳಿ ಕುಳಿತು, ಅವರಿಗೆ ನೆನಪಿರುವ ಮನೆಗಳ ಹೆಸರುಗಳನ್ನೂ ಯಾವ ಮನೆಯಿಂದ ಯಾವ ಮನೆಗೆ ಹೆಣ್ಣು ಕೊಟ್ಟರೆಂಬುದನ್ನೂ ಅವರ ಮಾತಿನಲ್ಲಿಯೇ ಬರೆದುಕೊಳ್ಳಿ.