ನೆಲ ಡೊಂಕಿರುವುದೂ ಉಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ‘ಅಂಗವೈಕಲ್ಯ ಅಧ್ಯಯನ’ ಎಂಬ ಸ್ನಾತಕೋತ್ತರ ವಿಷಯವಿದೆ ಎಂದು ನಮ್ಮ ಉಪನ್ಯಾಸಕರು ಹೇಳಿದರು. ವೈದ್ಯರು, ಫಿಸಿಯೊಥೆರಪಿಯವರು, ವಿಶೇಷ ಶಿಕ್ಷಕರು ಈಗಾಗಲೇ ಇರುವಾಗ ಇದರಲ್ಲಿ ಅಧ್ಯಯನ ಮಾಡಲು ಏನು ಉಳಿದಿದೆ? ಇದನ್ನು ಸಾಮಾಜಿಕ ನ್ಯಾಯದ ಜೊತೆ ಸೇರಿಸಿ ಮಾತನಾಡುವುದು ಏಕೆ?
– ವಿದ್ಯಾರ್ಥಿನಿ, ಸಾಗರ

ಉತ್ತರ: ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ನಾವೆಲ್ಲರೂ ನಗುತ್ತ ಬಳಸಿದ್ದೇವೆ. ಗಾದೆ ಹುಟ್ಟಿದಂದಿನಿಂದ ಇಂದಿನವರೆಗೆ ಯಾರೊಬ್ಬರೂ ಬಗ್ಗಿ ಆ ನೆಲವನ್ನು ನೋಡಿದಂತಿಲ್ಲ. ನೀವು ಕೇಳಿರುವ ಅಧ್ಯಯನದ ಮೊದಲ ಕೆಲಸವೇ ನೆಲವನ್ನು ನೋಡಿ ಬರುವುದು.

ನನ್ನದೇ ಉದಾಹರಣೆ ಕೊಡುತ್ತೇನೆ. ಮೂರನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿತು. ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಹಾಕಿಸಿ ನಡೆಯುವಂತೆ ಮಾಡಿದ ವೈದ್ಯರ ಋಣ ನನ್ನ ಮೇಲೆ ದೊಡ್ಡದಿದೆ. ಆದರೆ ಹೊಸನಗರ ಸೀಮೆಯ ನಮ್ಮ ಒಂಟಿ ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳವಿತ್ತು. ಅದರ ಮೇಲೆ ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ. ಮಳೆ ಹಿಡಿಯಿತೆಂದರೆ ಆ ಮರಗಳು ಪಾಚಿಗಟ್ಟಿ ಜಾರುತ್ತಿದ್ದವು, ನನ್ನ ಹಾಜರಿಯಲ್ಲಿ ಎರಡು ತಿಂಗಳು ಬರೀ ಗೈರು. ಮೇಷ್ಟರು ಕಾರಣದ ಜಾಗದಲ್ಲಿ ‘ಕಾಲು ಊನ’ ಎಂದು ಬರೆಯುತ್ತಿದ್ದರು. ನಾನು ಏಳನೆಯ ತರಗತಿಗೆ ಬರುವ ಹೊತ್ತಿಗೆ ಅಲ್ಲಿ ಎರಡೂ ಕಡೆ ಕಂಬಿಯಿದ್ದ ಸಿಮೆಂಟಿನ ಸಂಕವಾಯಿತು. ಆ ಮಳೆಗಾಲವಿಡೀ ನಾನು ತಪ್ಪದೆ ಶಾಲೆಗೆ ಹೋದೆ. ಕಾಲು ಮಾತ್ರ ಹೇಗಿತ್ತೋ ಹಾಗೆಯೇ ಇತ್ತು.

ನನಗೆ ಹಳ್ಳದ ದಂಡೆಯಲ್ಲಿ ತಿಳಿದದ್ದನ್ನು ಸಿದ್ಧಾಂತವಾಗಿ ಕಟ್ಟಿದವರು ಬ್ರಿಟನ್ನಿನ ಅಂಗವಿಕಲ ಹೋರಾಟಗಾರರು. ಹಲವು ವರ್ಷ ಪೋಷಣಾಗೃಹಗಳಲ್ಲಿ ಕಾಲ ಕಳೆದಿದ್ದ ಪಾಲ್ ಹಂಟ್ 1972ರಲ್ಲಿ ‘ಗಾರ್ಡಿಯನ್’ ಪತ್ರಿಕೆಗೆ ಪತ್ರ ಬರೆದು, ತಮ್ಮಂಥವರೆಲ್ಲ ಒಂದಾಗಬೇಕೆಂದು ಕರೆ ಕೊಟ್ಟರು. ಅದರಿಂದ ಹುಟ್ಟಿದ ಸಂಘಟನೆಯು 1976ರಲ್ಲಿ ಪ್ರಕಟಿಸಿದ ಹೇಳಿಕೆಯಲ್ಲಿ, ದೇಹದ ಊನವೇ ಬೇರೆ, ಆ ಊನದ ಮೇಲೆ ಸಮಾಜ ಹೇರುವ ವೈಕಲ್ಯವೇ ಬೇರೆ ಎಂಬ ಭೇದವನ್ನು ಸ್ಪಷ್ಟವಾಗಿ ಹೇಳಿತು. ಸಂಘಟನೆಯ ಪ್ರಮುಖರಲ್ಲಿ ಒಬ್ಬರಾದ ವಿಕ್ ಫಿಂಕೆಲ್‌ಸ್ಟೈನ್ ದಕ್ಷಿಣ ಆಫ್ರಿಕಾದವರು, ಗಾಲಿಕುರ್ಚಿ ಬಳಸುವವರು, ವರ್ಣಭೇದ ನೀತಿಯನ್ನು ವಿರೋಧಿಸಿ ಜೈಲು ಸೇರಿ ಆಮೇಲೆ ಬ್ರಿಟನ್ನಿಗೆ ಬಂದವರು. ಚರ್ಮದ ಬಣ್ಣ ನೋಡಿ ಬಾಗಿಲು ಮುಚ್ಚುವುದನ್ನು ಕಂಡಿದ್ದವರಿಗೆ ಕಾಲು ನೋಡಿ ಬಾಗಿಲು ಮುಚ್ಚುವುದರ ಗುರುತು ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 1983ರಲ್ಲಿ ಸಮಾಜಶಾಸ್ತ್ರಜ್ಞ ಮೈಕ್ ಆಲಿವರ್ ಈ ದೃಷ್ಟಿಗೆ ‘ಸಾಮಾಜಿಕ ಮಾದರಿ’ ಎಂಬ ಹೆಸರಿಟ್ಟರು. ಅಮೆರಿಕದಲ್ಲಿ, ತಾವೇ ಪೋಲಿಯೊ ಪೀಡಿತರಾಗಿದ್ದ ಸಮಾಜಶಾಸ್ತ್ರಜ್ಞ ಇರ್ವಿಂಗ್ ಜೋಲಾ ಮುಂತಾದವರು 1982ರಲ್ಲಿ ವಿದ್ವಾಂಸರ ಸಂಘವೊಂದನ್ನು ಕಟ್ಟಿದರು. ಈ ಅಧ್ಯಯನಶಿಸ್ತು ಬೀದಿಯಿಂದ ವಿಶ್ವವಿದ್ಯಾಲಯಕ್ಕೆ ಹೋದದ್ದು ಎಂಬುದನ್ನು ಗಮನಿಸಬೇಕು.

ಅಂದಮೇಲೆ ಎಲ್ಲವೂ ನೆಲದ ತಪ್ಪೇ ಎಂದು ನೀವು ಕೇಳಬಹುದು. ಇಲ್ಲ. ಜುಲೈ ತಿಂಗಳ ಥಂಡಿಯಲ್ಲಿ ನನ್ನ ಸೊಂಟ ಹಿಡಿದುಕೊಳ್ಳುವುದನ್ನು ಯಾವ ಪಂಚಾಯಿತಿಯೂ ಸರಿಪಡಿಸಲಾರದು. ಸಾಮಾಜಿಕ ಮಾದರಿಯು ನೋವು, ದಣಿವುಗಳನ್ನು ಮರೆಯಿತೆಂದು ಮೊದಲು ಆಕ್ಷೇಪಿಸಿದವರಲ್ಲಿ ಜೆನ್ನಿ ಮಾರಿಸ್ ಅವರಂಥ ಅಂಗವಿಕಲ ಮಹಿಳೆಯರೇ ಇದ್ದರು. ಆ ಜಗಳ ಇನ್ನೂ ಮುಗಿದಿಲ್ಲ, ಮುಗಿಯದಿರುವುದೇ ಒಳ್ಳೆಯದೆಂದು ನನ್ನ ಎಣಿಕೆ.

ಇನ್ನು ಸಾಮಾಜಿಕ ನ್ಯಾಯದ ಮಾತು. ಸಾಗರದವರಾದ ನಿಮಗೆ 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹವನ್ನು ವಿವರಿಸಬೇಕಾಗಿಲ್ಲ. ಅಲ್ಲಿನ ಜಗಳ ಶುರುವಾದದ್ದೇ ಧಾನ್ಯ ಅಳೆಯುವ ಕೊಳಗದಿಂದ: ಒಡೆಯರು ಗೇಣಿ ಅಳೆದುಕೊಳ್ಳುತ್ತಿದ್ದ ಕೊಳಗ ದೊಡ್ಡದು. ಅಳತೆ ಒಪ್ಪಿಕೊಂಡವನು ಎಷ್ಟು ದುಡಿದರೂ ಸಾಲಗಾರನೇ. ಗೇಣಿದಾರರು ಕೇಳಿದ ಪ್ರಶ್ನೆ, ಈ ಕೊಳಗವನ್ನು ಮಾಡಿದವರು ಯಾರು ಎಂಬುದು. ಅಂಗವೈಕಲ್ಯ ಅಧ್ಯಯನವೂ ‘ಸಹಜ ದೇಹ’ ಎಂಬ ಕೊಳಗದ ಬಗ್ಗೆ ಅದನ್ನೇ ಕೇಳುತ್ತದೆ. ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ 1835ರಲ್ಲಿ ಅಂಕಿಅಂಶಗಳಿಂದ ‘ಸರಾಸರಿ ಮನುಷ್ಯ’ನೊಬ್ಬನನ್ನು ಕಟ್ಟಿದರು. ಸರಾಸರಿ ಎಂಬುದು ಬರಿಯ ಲೆಕ್ಕವಾಗಿ ಉಳಿಯದೆ ಎಲ್ಲರೂ ಮುಟ್ಟಬೇಕಾದ ಗುರಿಯಾಯಿತು. ಬಸ್ಸಿನ ಮೆಟ್ಟಿಲು, ಕಚೇರಿಯ ಕೌಂಟರು, ಪರೀಕ್ಷೆಯ ಮೂರು ಗಂಟೆ ಎಲ್ಲವೂ ಯಾರನ್ನೋ ಒಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವೇ ಆಗಿವೆ.

ನಮ್ಮ ಕಾನೂನಿನಲ್ಲೂ ಕೊಳಗವಿದೆ. 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಅದನ್ನು 21ಕ್ಕೆ ಏರಿಸಿ, ಸರ್ಕಾರಿ ಉದ್ಯೋಗದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5ರ ಮೀಸಲಾತಿ ಕೊಟ್ಟಿತು. ಇವು ಸಿಗಬೇಕಾದರೆ ವೈಕಲ್ಯ ಶೇ 40ಕ್ಕೆ ಕಡಿಮೆ ಇರಬಾರದು. ಶೇ 45ರ ಒಬ್ಬರ ಮನೆ ಬಸ್ ನಿಲ್ದಾಣದ ಎದುರಿಗಿದೆ, ಶೇ 38ರ ಇನ್ನೊಬ್ಬರ ಮನೆ ಸಂಕದಾಚೆ, ಗುಡ್ಡದ ಮೇಲಿದೆ. ವೈದ್ಯಕೀಯ ಮಂಡಳಿಯ ಕೊಳಗಕ್ಕೆ ಸಂಕವೂ ಗುಡ್ಡವೂ ಕಾಣುವುದಿಲ್ಲ. 2021ರಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಶೇ 40ರ ಮಿತಿಯನ್ನು ಮುಂದೊಡ್ಡಿ, ಪರೀಕ್ಷೆಯಲ್ಲಿ ಅಭ್ಯರ್ಥಿಯ ಪರವಾಗಿ ಬರೆಯುವ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಹೇಳಿದ್ದು ಈ ಕಾರಣಕ್ಕೇ ದೊಡ್ಡ ತೀರ್ಪು. 2011ರ ಜನಗಣತಿ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಎಣಿಸಿತು. ಆ ಎಣಿಕೆಯಲ್ಲಿ ಯಾರು ಬಿಟ್ಟುಹೋದರು ಎಂಬುದು ಒಬ್ಬ ಸಂಶೋಧಕಿಗೆ ಸಾಕಾಗುವಷ್ಟು ದೊಡ್ಡ ವಿಷಯ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ನೀವು ಅಂಗವೈಕಲ್ಯವನ್ನು ಅನ್ಯಾಯದ ಪ್ರಶ್ನೆಯೆಂದು ಬರೆದಿದ್ದನ್ನು ಓದಿದೆ. ಹೋದ ವರ್ಷ ಅಡಿಕೆ ಕೊನೆ (ಗೊನೆ) ಕೊಯ್ಲಿನಲ್ಲಿ, ಮರ ಹತ್ತಿ ಕೊನೆ ಇಳಿಸುವ ನಮ್ಮ ತೋಟದ ಕೊನೆಗಾರ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಆಸ್ಪತ್ರೆಯ ಖರ್ಚನ್ನು ನಾವೇ ಕೊಟ್ಟೆವು. ಇದು ಅವನ ಹಣೆಬರಹ. ಇದರಲ್ಲಿ ಅನ್ಯಾಯವೆಂಬುದು ಎಲ್ಲಿಂದ ಬಂತು?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಾನ್ಯರೇ, ಖರ್ಚು ಕೊಟ್ಟಿರಿ ಎಂಬುದು ಸಂತೋಷ, ಕೊಡದವರೂ ಇದ್ದಾರೆ. ಆದರೆ ಹಣೆಬರಹವೆಂಬುದು ಬರೀ ಕೊನೆಗಾರರ ಹಣೆಯನ್ನೇ ಹುಡುಕಿಕೊಂಡು ಹೋಗುವುದು ಏಕೆಂದು ಕೇಳಬೇಡವೇ? ಒದ್ದೆ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುವ ಕೆಲಸವನ್ನು ನಮ್ಮ ಸೀಮೆಯಲ್ಲಿ ತೋಟವಿಲ್ಲದವರು ತೋಟವಿದ್ದವರಿಗಾಗಿ ಮಾಡುತ್ತ ಬಂದಿದ್ದಾರೆ. ಯಾರ ಬೆನ್ನುಮೂಳೆ ಮುರಿಯಬಹುದು ಎಂಬುದನ್ನು ಪಹಣಿ ಪತ್ರ ಬಹುಪಾಲು ಮೊದಲೇ ತೀರ್ಮಾನಿಸಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದಾಗಿದೆ. ಮರ ಹತ್ತಲಾರದವರೂ ಈಗ ಕೊನೆಗಾರರಾಗಬಲ್ಲರು. ‘ಈ ಕೆಲಸಕ್ಕೆ ಇಂಥ ದೇಹವೇ ಬೇಕು’ ಎಂದು ತಲೆಮಾರುಗಳಿಂದ ನಂಬಿದ್ದನ್ನು ಒಂದು ಉದ್ದನೆಯ ಕೋಲು ಸುಳ್ಳಾಗಿಸಿತು. ಸಾಮಾಜಿಕ ಮಾದರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪಠ್ಯದಲ್ಲೂ ಸಿಕ್ಕಿಲ್ಲ. ಹಾಗೆಂದು ದೋಟಿಯ ಬೆಲೆ ಕೂಲಿಯವನ ಕೈಗೆ ನಿಲುಕುವಂಥದ್ದಲ್ಲ, ಅದನ್ನು ಕೊಳ್ಳಬೇಕಾದವರು ನೀವು ಮತ್ತು ನಿಮ್ಮ ಸಹಕಾರ ಸಂಘ.

ಬಿದ್ದ ನಂತರದ ಕಥೆಯೂ ಇದೆ. ದರೆಯ ಮೇಲಿನ ಮನೆ, ಹೊರಗಿರುವ ಕಕ್ಕಸು, ನೋಡಿಕೊಳ್ಳಲು ಕೂಲಿ ಬಿಟ್ಟು ಮನೆಯಲ್ಲಿ ಕುಳಿತ ಹೆಂಡತಿ, ಶಾಲೆ ಬಿಟ್ಟ ಮಗಳು: ಒಬ್ಬರ ಬೆನ್ನುಮೂಳೆಯ ಜೊತೆ ಮೂವರ ದಾರಿ ಮುರಿಯುತ್ತದೆ. ಇವುಗಳಲ್ಲಿ ಯಾವುದನ್ನೂ ಮರ ಮಾಡಲಿಲ್ಲ.

ನಮ್ಮ ಜಿಲ್ಲೆಯ ಹಂದಿಗೋಡನ್ನೂ ಇಲ್ಲಿ ನೆನೆಯಬೇಕು. ಸಾಗರ ತಾಲ್ಲೂಕಿನ ಆ ಊರಿನಲ್ಲಿ 1970ರ ದಶಕದ ನಡುವೆ, ಹೆಚ್ಚಾಗಿ ದಲಿತ ಕೃಷಿ ಕೂಲಿ ಕುಟುಂಬಗಳಲ್ಲಿ, ಸೊಂಟದ ಕೀಲು ಸವೆದು ನಡೆಯಲಾರದಂತಾಗುವ ಕಾಯಿಲೆ ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳಿಗೆ ಸೇರಿ, ಏಡಿ ತಿಂದ ಬಡವರಿಗೆ ಸೇರಿತೆಂಬ ಅನುಮಾನ ಮೊದಲು ಬಂದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೂ ಬಂದು ಪರಿಶೀಲಿಸಿದರು, ಮುಂದಿನ ಅಧ್ಯಯನಗಳು ವಂಶವಾಹಿಯತ್ತ ಬೆರಳು ತೋರಿಸಿದವು. ವಂಶವಾಹಿಯೆಂದ ಕೂಡಲೇ ಸಮಾಜದ ಹೊಣೆ ಮುಗಿಯಿತೆಂದು ಹಲವರು ನಿರಾಳವಾಗಿ ಉಸಿರುಬಿಟ್ಟರು. ಆದರೆ ಮದುವೆಗಳು ಜಾತಿಯೊಳಗೇ ನಡೆಯುವ ಊರಿನಲ್ಲಿ ವಂಶವಾಹಿಯೂ ಜಾತಿಯ ಬೇಲಿಯೊಳಗೇ ಸುತ್ತುತ್ತದೆ. ನಾಟಿ, ಕಳೆ ಎಂದು ದಿನವಿಡೀ ಬಗ್ಗಿ ದುಡಿದರಷ್ಟೇ ಕೂಲಿ ಎಂಬ ಬದುಕಿನಲ್ಲಿ ಸೊಂಟ ಹೋದರೆ ಅನ್ನವೂ ಹೋಗುತ್ತದೆ. ಮೇಜಿನ ಮುಂದೆ ಕುಳಿತು ಸಂಬಳ ಪಡೆಯುವವನಿಗೆ ಅದೇ ಕೀಲುನೋವು ರಜೆ ಹಾಕುವ ಸಂಗತಿಯಾಗುತ್ತಿತ್ತು. ರಕ್ತದ ಮಾದರಿ ತೆಗೆದುಕೊಂಡು ಹೋದವರಿಗೆ ಕೂಲಿಯ ದರ ಕೇಳುವ ಕೆಲಸವಿರಲಿಲ್ಲ. ಆ ಕೆಲಸವನ್ನು ಅಂಗವೈಕಲ್ಯ ಅಧ್ಯಯನ ತನ್ನದೆಂದು ಕೈಗೆತ್ತಿಕೊಳ್ಳುತ್ತದೆ.

ನಿಮ್ಮಿಂದಾಗುವ ಕೆಲಸಗಳಿವೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಆಗಿದೆಯೇ ವಿಚಾರಿಸಿ. ಗ್ರಾಮ ಪಂಚಾಯಿತಿಯಲ್ಲಿ ಇದಕ್ಕಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಅಂಗವಿಕಲರಿಗಾಗಿ ಶೇ 5ರ ಅನುದಾನವಿರುತ್ತದೆ. ಮನೆಯೊಳಗಿನ ಕಕ್ಕಸಿಗೂ ಅಂಗಳದ ಇಳಿಜಾರಿಗೂ ಅರ್ಜಿ ಕೊಡಿಸಿ. ಅಡಿಕೆ ಸುಲಿಯುವುದು, ಆರಿಸುವುದು, ತೂಕ ಬರೆಯುವುದು ಕುಳಿತು ಮಾಡುವ ಕೆಲಸಗಳೇ. ಅವನು ಬಯಸಿದರೆ ಕೊಡಿ, ಉಳಿದವರಿಗೆ ಕೊಡುವ ಕೂಲಿಯನ್ನೇ ಕೊಡಿ.

ಪ್ರಶ್ನೆ: ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ: ತರಗತಿಯಲ್ಲಿ ಯಾವ ಪದ ಬಳಸಲಿ?
– ಶಿಕ್ಷಕಿ, ಸೊರಬ

ಉತ್ತರ: ‘ವಿಕಲಚೇತನ’ ನಮ್ಮ ಇಲಾಖೆಯ ಹೆಸರಿನಲ್ಲೇ ಇದೆ, ಬಿಡಿಸಿ ನೋಡಿದರೆ ‘ಚೇತನವೇ ಕುಂದಿದವರು’ ಎಂದಾಗುತ್ತದೆ, ಕುಂದಿದ್ದು ಕಾಲು, ಚೇತನವಲ್ಲ ಎಂದು ನಾನು ಅರ್ಜಿ ತುಂಬುವಾಗಲೆಲ್ಲ ಗೊಣಗುತ್ತೇನೆ. ‘ದಿವ್ಯಾಂಗ’ 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ಸೂಚಿಸಿದ ಮೇಲೆ ಹರಡಿತು. ದೈವತ್ವ ಕೊಟ್ಟವರು ಇಳಿಜಾರು ಕೊಡುವುದನ್ನು ಮರೆಯಬಹುದೆಂದು ಅನೇಕ ಹೋರಾಟಗಾರರು ಅದನ್ನು ಒಪ್ಪಲಿಲ್ಲ. ನಾನು ಕಾಯಿದೆಯಂತೆ ‘ಅಂಗವಿಕಲ ವ್ಯಕ್ತಿ’ ಎಂದು ಬರೆಯುತ್ತೇನೆ. ಸನ್ನೆಭಾಷೆಯವರಲ್ಲಿ ಹಲವರು ತಮ್ಮನ್ನು ಒಂದು ಭಾಷಾ ಸಮುದಾಯವೆಂದು ತಿಳಿಯುತ್ತಾರೆ, ಅವರಿಗೆ ‘ಕಿವುಡರು’ ಎಂಬ ಮಾತಿನಲ್ಲಿ ಸಂಕೋಚವಿಲ್ಲ. ತರಗತಿಯಲ್ಲಿ ಆ ಮಗುವಿಗೊಂದು ಹೆಸರಿರುತ್ತದೆ, ಅದನ್ನೇ ಕರೆಯಿರಿ. ಹಾಜರಿ ಪುಸ್ತಕದಲ್ಲಿ ಕಾರಣ ಬರೆಯುವಾಗ ಮಾತ್ರ ಒಮ್ಮೆ ದಾರಿಯನ್ನೂ ನೋಡಿ ಬನ್ನಿ.

ಪ್ರಶ್ನೆ: ಈ ವಿಷಯವನ್ನು ಎಲ್ಲಿ ಓದಬಹುದು? ಶಿವಮೊಗ್ಗ ಬಿಟ್ಟು ಹೋಗಲು ನನಗೆ ಅನುಕೂಲವಿಲ್ಲ.
– ಓದುಗರು, ಭದ್ರಾವತಿ

ಉತ್ತರ: ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿಯೂ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಲ್ಲಿಯೂ ಇದಕ್ಕೆ ಮೀಸಲಾದ ಕೇಂದ್ರಗಳಿವೆ. ಊರು ಬಿಡಲಾಗದಿದ್ದರೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥಲ್ಲಿ ಸಮಾಜಶಾಸ್ತ್ರವನ್ನೋ ಕನ್ನಡವನ್ನೋ ಓದುತ್ತಲೇ ಈ ಕಣ್ಣಿನಿಂದ ಪ್ರಬಂಧ ಬರೆಯಬಹುದು. ನಮ್ಮ ಗಾದೆಗಳಲ್ಲಿ ಕುಂಟ ಕುರುಡರು ಯಾರಿಗಾಗಿ ಕಾಣಿಸಿಕೊಳ್ಳುತ್ತಾರೆ ಎಂಬುದೂ ಒಂದು ವಿಷಯವೇ. ನಿಮ್ಮ ತಾಲ್ಲೂಕಿನ ನಾಲ್ಕು ಪಂಚಾಯಿತಿಗಳಿಂದ ಮೂರು ವರ್ಷಗಳ ಶೇ 5ರ ಅನುದಾನದ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದು, ಲೆಕ್ಕದಲ್ಲಿರುವ ಪ್ರತಿಯೊಂದು ಇಳಿಜಾರಿನವರೆಗೂ ನಡೆದು ಹೋಗಿ ನೋಡಿದರೆ ಅದು ಇನ್ನೂ ಒಳ್ಳೆಯ ಪ್ರಬಂಧವಾದೀತು. ಅಳತೆಪಟ್ಟಿ ಒಯ್ಯಿರಿ. ಸೊಗಸಾದ ಇಳಿಜಾರು ಕಟ್ಟಿ, ಬಾಗಿಲ ಬುಡದಲ್ಲಿ ಅರ್ಧ ಅಡಿಯ ಮೆಟ್ಟಿಲೊಂದನ್ನು ಹಾಗೆಯೇ ಉಳಿಸಿದ ಕಚೇರಿಯ ಮುಂದೆ ನಾನು ಒಂದು ಮಧ್ಯಾಹ್ನವಿಡೀ ಕುಳಿತಿದ್ದೆ. ಅಲ್ಲಿನ ದಾಖಲೆಯಲ್ಲಿ ‘ಕಾಮಗಾರಿ ಪೂರ್ಣ’ ಎಂದಿತ್ತು.